ಸಿಮ್ಯುಲೇಟರ್ ಸೀನರಿಯಲ್ಲಿ ರಸ್ತೆಜಾಲದ ದೋಷಗಳು: ಕಾಣದ, ಸರಿದ, ತೇಲುವ ರಸ್ತೆಗಳ ಪತ್ತೆ ಮತ್ತು ಪರಿಹಾರ

ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆಗಳ ದತ್ತಾಂಶವನ್ನು ಇಳಿಸಿಕೊಂಡು, ಅದನ್ನು ವಿಮಾನ ಹಾರಾಟದ ಸಿಮ್ಯುಲೇಟರಿಗೆ ಒಗ್ಗುವ ರೂಪಕ್ಕೆ ಪರಿವರ್ತಿಸಿ ಸೀನರಿಗೆ, ಅಂದರೆ ಹಾರುವಾಗ ಕೆಳಗೆ ಕಾಣುವ ನೆಲನೋಟಕ್ಕೆ, ಸೇರಿಸಿದ ಮೇಲೆ ಮೊದಲ ಹಾರಾಟದಲ್ಲೇ ಎಲ್ಲವೂ ಸರಿಯಾಗಿ ಕಾಣಿಸುವುದು ಅಪರೂಪ. ರಸ್ತೆ ಕಾಣದೇ ಹೋಗಬಹುದು, ಹೊಲದ ನಡುವೆ ಹಾದುಹೋಗಬಹುದು, ಕಣಿವೆಯ ಮೇಲೆ ಪಟ್ಟಿಯಂತೆ ತೇಲಬಹುದು, ಇಲ್ಲವೇ ಕೂಡುರಸ್ತೆಗೆ ಬಂದ ವಾಹನಗಳು ಅಲ್ಲಿಯೇ ಮಾಯವಾಗಬಹುದು. ಈ ಬರಹ ಎಕ್ಸ್‌ಪ್ಲೇನ್ ಸಿಮ್ಯುಲೇಟರನ್ನು ಮುಖ್ಯವಾಗಿ ಇಟ್ಟುಕೊಂಡಿದೆ. ಇನ್ನೊಂದು ಸಿಮ್ಯುಲೇಟರಾದ ಫ್ಲೈಟ್‌ಗಿಯರ್ ಬೇರೆ ರೀತಿ ನಡೆದುಕೊಳ್ಳುವ ಕಡೆಗಳಲ್ಲಿ ಅದನ್ನೂ ಹೇಳಿದೆ. ಸ್ಥಾನ ಮತ್ತು ಎತ್ತರದ ಲೆಕ್ಕಗಳು ಯಾವ ಸಿಮ್ಯುಲೇಟರಿಗಾದರೂ ಅನ್ವಯಿಸುತ್ತವೆ.

ಮೊದಲು ಅಳತೆ, ಆಮೇಲೆ ದುರಸ್ತಿ

ದೋಷ ಕಂಡ ಕೂಡಲೇ ಇಡೀ ಟೈಲನ್ನು (ಸೀನರಿಯನ್ನು ಹಂಚಿದ ಚೌಕಗಳಲ್ಲಿ ಒಂದನ್ನು) ಅಳಿಸಿ ಮತ್ತೆ ತಯಾರಿಸುವುದು ಬಹುತೇಕರ ಅಭ್ಯಾಸ. ಹಾಗೆ ಮಾಡಿದರೆ ಗಂಟೆಗಟ್ಟಲೆ ಸಮಯ ಹೋಗುವುದಲ್ಲದೆ, ದೋಷದ ಕುರುಹೂ ಅಳಿಸಿಹೋಗುತ್ತದೆ. ಕಾರಣ ಮಾತ್ರ ಉಳಿದುಕೊಂಡು ಹೊಸ ಟೈಲಿನಲ್ಲಿ ಮತ್ತೆ ತಲೆ ಎತ್ತುತ್ತದೆ. ಅದರ ಬದಲು ಅಕ್ಷಾಂಶ, ರೇಖಾಂಶಗಳು ಖಚಿತವಾಗಿ ಗೊತ್ತಿರುವ ಒಂದು ಕೂಡುರಸ್ತೆಯನ್ನು ಆರಿಸಿಕೊಂಡು, ವಿಮಾನವನ್ನು ಅದರ ಮೇಲೆ ನಿಲ್ಲಿಸಿ, ರಸ್ತೆ ಎಷ್ಟು ಮೀಟರ್ ಪಕ್ಕಕ್ಕೆ ಅಥವಾ ಎಷ್ಟು ಮೀಟರ್ ಮೇಲೆ ಕೆಳಗೆ ಇದೆ ಎಂದು ಬರೆದಿಟ್ಟುಕೊಳ್ಳಬೇಕು. ಬಳಿಕ ಅದೇ ಟೈಲಿನಲ್ಲಿ ಇಪ್ಪತ್ತು, ಮೂವತ್ತು ಕಿಲೋಮೀಟರ್ ದೂರದ ಇನ್ನೊಂದು ಕೂಡುರಸ್ತೆಯಲ್ಲಿ ಇದನ್ನೇ ಮಾಡಬೇಕು.

ಎರಡೂ ಕಡೆ ತಪ್ಪು ಒಂದೇ ಸಮನಾಗಿದ್ದರೆ ಕಾರಣ ಯಾವುದೋ ಒಂದು ನಿಯತಾಂಕದಲ್ಲಿ ಅಥವಾ ಅಳತೆಯ ಆಧಾರದಲ್ಲಿ ಇರುತ್ತದೆ, ಅದನ್ನು ಒಂದು ಕಡೆ ತಿದ್ದಿದರೆ ಸಾಕು. ತಪ್ಪು ಜಾಗದಿಂದ ಜಾಗಕ್ಕೆ ಬದಲಾಗುತ್ತಿದ್ದರೆ ದತ್ತಾಂಶವನ್ನೋ ನೆಲದ ಮೆಶ್ಶನ್ನೋ (ನೆಲದ ಏರುತಗ್ಗನ್ನು ತ್ರಿಕೋನಗಳಿಂದ ಕಟ್ಟಿದ ಜಾಲ) ಅನುಮಾನಿಸಬೇಕು. ರಸ್ತೆಗಳು ಉತ್ತರ-ದಕ್ಷಿಣವಾಗಿ ಅಥವಾ ಪೂರ್ವ-ಪಶ್ಚಿಮವಾಗಿ ಚಾಕುವಿನಿಂದ ಕತ್ತರಿಸಿದಂತೆ ನೇರ ಗೆರೆಯಲ್ಲಿ ನಿಂತಿದ್ದರೆ ಅದು ಟೈಲಿನ ಗಡಿ ಅಥವಾ ರಸ್ತೆಗಳನ್ನು ಹೊರಗಿಡಲೆಂದು ಎಳೆದ ಆಯತದ ಕೆಲಸ. ಪ್ರಕೃತಿಯೂ ನಕ್ಷೆಗಾರರೂ ಹಾಗೆ ಕತ್ತರಿಸುವುದಿಲ್ಲ. ಈ ಮೂರರಲ್ಲಿ ನಿಮ್ಮ ದೋಷ ಯಾವುದು ಎಂದು ತಿಳಿಯದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ.

ರಸ್ತೆ ಕಾಣುವುದೇ ಇಲ್ಲ

ಮೊದಲ ಪ್ರಶ್ನೆ, ಸಿಮ್ಯುಲೇಟರ್ ನಿಮ್ಮ ಕಡತವನ್ನು ತೆರೆದಿದೆಯೇ ಎಂಬುದು. ಎಕ್ಸ್‌ಪ್ಲೇನ್ ಪ್ರತಿ ಬಾರಿ ಚಾಲನೆಯಾದಾಗಲೂ ತನ್ನ ಮುಖ್ಯ ಫೋಲ್ಡರಿನಲ್ಲಿ ಒಂದು ಲಾಗ್ ಕಡತವನ್ನು ಬರೆಯುತ್ತದೆ. ಅದರಲ್ಲಿ ಲೋಡ್ ಆದ ಪ್ರತಿ ಡಿಎಸ್‌ಎಫ್ ಕಡತದ (ಒಂದು ಟೈಲಿನ ಸೀನರಿಯನ್ನು ಎಕ್ಸ್‌ಪ್ಲೇನ್ ಇಟ್ಟುಕೊಳ್ಳುವ ಕಡತ) ದಾರಿಯೂ ಇರುತ್ತದೆ. ನಿಮ್ಮ ಟೈಲಿನ ಹೆಸರನ್ನು ಅಲ್ಲಿ ಹುಡುಕಿ. ಹೆಸರು ಇಲ್ಲದಿದ್ದರೆ ರಸ್ತೆಯ ಒಳಗೇನಿದೆ ಎಂದು ನೋಡುವ ಅಗತ್ಯವೇ ಇಲ್ಲ. ಹೆಸರು ಇದ್ದು, ಯಾವುದೋ ಸಂಪನ್ಮೂಲ ಸಿಗಲಿಲ್ಲ ಎಂಬ ದೂರು ಅದರ ಜೊತೆಗಿದ್ದರೆ, ನಿಮ್ಮ ಕಡತವು ಉಲ್ಲೇಖಿಸುವ ರಸ್ತೆ ವಿವರಣೆಯ ಕಡತ ಲೈಬ್ರರಿಯಲ್ಲಿ ಇಲ್ಲ ಎಂದರ್ಥ.

ಹೆಸರು ಇಲ್ಲದಿರುವುದಕ್ಕೆ ಸಾಮಾನ್ಯ ಕಾರಣ ಟೈಲಿನ ಹೆಸರನ್ನೇ ತಪ್ಪಾಗಿ ಇಟ್ಟಿರುವುದು. ಒಂದು ಟೈಲ್ 1 ಡಿಗ್ರಿ ಅಕ್ಷಾಂಶ, 1 ಡಿಗ್ರಿ ರೇಖಾಂಶದ ಚೌಕ. ಅದರ ನೈಋತ್ಯ ಮೂಲೆಯೇ ಅದರ ಹೆಸರು. ಉತ್ತರ ಮತ್ತು ಪೂರ್ವ ಗೋಳಾರ್ಧಗಳಲ್ಲಿ ದಶಮಾಂಶವನ್ನು ಕತ್ತರಿಸಿದರೆ ಸರಿಯಾದ ಹೆಸರೇ ಬರುತ್ತದೆ, ಆದ್ದರಿಂದ ತಪ್ಪು ಹೊರಬೀಳುವುದಿಲ್ಲ. ದಕ್ಷಿಣದಲ್ಲಿ ಮಾತ್ರ -33.9 ಡಿಗ್ರಿಯ ಜಾಗವು -33 ಅಲ್ಲ, -34ರ ಟೈಲಿಗೆ ಸೇರುತ್ತದೆ. ಅದನ್ನು ಇಡಬೇಕಾದ 10 ಡಿಗ್ರಿಯ ಫೋಲ್ಡರ್ -30 ಅಲ್ಲ, -40. ಪಶ್ಚಿಮ ರೇಖಾಂಶಕ್ಕೂ ಇದೇ ನಿಯಮ. ನೀವೇ ಬರೆದ ಪರಿವರ್ತಕದಲ್ಲಿ ಶೂನ್ಯದ ಕಡೆಗೆ ಕತ್ತರಿಸುವ ಫಂಕ್ಷನ್ ಇದ್ದರೆ ಅದನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸುವ ಫಂಕ್ಷನ್ನಿಗೆ ಬದಲಿಸಬೇಕು. ಫ್ಲೈಟ್‌ಗಿಯರಿನಲ್ಲಿ ಟೈಲಿನ ಎತ್ತರ 1/8 ಡಿಗ್ರಿ. ಅಗಲವು ಸಮಭಾಜಕದ ಬಳಿ 1/8 ಡಿಗ್ರಿಯಿದ್ದು ಧ್ರುವಗಳತ್ತ ಹೋದಂತೆ ಹಂತಹಂತವಾಗಿ ಹೆಚ್ಚುತ್ತದೆ. ಆದ್ದರಿಂದ ಒಂದು ಅಕ್ಷಾಂಶದಲ್ಲಿ ಸರಿಬಂದ ಕೈಲೆಕ್ಕ ಇನ್ನೊಂದರಲ್ಲಿ ಸರಿಬರುವುದಿಲ್ಲ.

ಎರಡನೆಯ ಕಾರಣ ಸೀನರಿ ಪ್ಯಾಕ್‌ಗಳ ಕ್ರಮ. ಕಸ್ಟಮ್ ಸೀನರಿ ಫೋಲ್ಡರಿನಲ್ಲಿರುವ ಪಟ್ಟಿಯ ಕಡತದಲ್ಲಿ ಮೇಲಿನ ಸಾಲಿಗೆ ಹೆಚ್ಚಿನ ಆದ್ಯತೆ. ಒಂದು ಟೈಲಿಗೆ ಒಂದೇ ಮೂಲ ಮೆಶ್ ಲೋಡ್ ಆಗುತ್ತದೆ: ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು. ಅದಕ್ಕಿಂತ ಕೆಳಗಿರುವ ಓವರ್‌ಲೇಗಳು (ನೆಲದ ಮೇಲೆ ಹಾಸುವ ರಸ್ತೆ, ಕಟ್ಟಡಗಳಂಥ ಪದರಗಳು) ಆ ಟೈಲಿನ ಮಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. ಹೊಸದಾಗಿ ಹಾಕಿದ ಪ್ಯಾಕನ್ನು ಎಕ್ಸ್‌ಪ್ಲೇನ್ ತಾನಾಗಿಯೇ ಪಟ್ಟಿಯ ಎಲ್ಲಕ್ಕಿಂತ ಮೇಲೆ ಸೇರಿಸುತ್ತದೆ. ಆ ಹೊಸ ಪ್ಯಾಕ್ ಒಂದು ಫೋಟೊ ಮೆಶ್ (ಮೇಲಿನಿಂದ ತೆಗೆದ ಚಿತ್ರವನ್ನು ಹಾಸಿದ ನೆಲ) ಆಗಿದ್ದರೆ, ನಿನ್ನೆಯವರೆಗೆ ಕಾಣುತ್ತಿದ್ದ ರಸ್ತೆಗಳು ಯಾರೂ ಮುಟ್ಟದಿದ್ದರೂ ಇಂದು ಕಾಣೆಯಾಗುತ್ತವೆ. ವಿಮಾನ ನಿಲ್ದಾಣಗಳು ಮೇಲೆ, ಓವರ್‌ಲೇಗಳು ನಡುವೆ, ಮೆಶ್‌ಗಳು ಎಲ್ಲಕ್ಕಿಂತ ಕೆಳಗೆ ಎಂಬ ಕ್ರಮವನ್ನು ಪ್ರತಿ ಸೇರ್ಪಡೆಯ ನಂತರವೂ ಕಣ್ಣಾರೆ ನೋಡಬೇಕು. ಒಮ್ಮೆ ನಾನು ಎರಡು ಸಂಜೆಗಳನ್ನು ಪರಿವರ್ತಕದ ತಪ್ಪು ಹುಡುಕುವುದರಲ್ಲಿ ಕಳೆದೆ. ದೋಷವಿದ್ದದ್ದು ಹಿಂದಿನ ವಾರ ಪರೀಕ್ಷೆಗೆಂದು ನಾನೇ ನಿಷ್ಕ್ರಿಯಗೊಳಿಸಿ ಮರೆತಿದ್ದ ಒಂದು ಸಾಲಿನಲ್ಲಿ.

ಆರ್ಥೋ4ಎಕ್ಸ್‌ಪಿ ಬಳಸಿ ಫೋಟೊ ನೆಲ ಮಾಡಿಕೊಂಡವರಿಗೆ ಬರುವ ದೋಷವೂ ಇದೇ ಮೂಲದ್ದು. ಆ ಉಪಕರಣ ಹೊಸ ಮೆಶ್ಶನ್ನು ತಯಾರಿಸುತ್ತದೆ. ಆದರೆ ರಸ್ತೆ, ಕಾಡು, ಕಟ್ಟಡಗಳನ್ನು ಮೂಲ ಸೀನರಿಯಿಂದ ಬೇರ್ಪಡಿಸಿ ಪ್ರತ್ಯೇಕ ಓವರ್‌ಲೇ ಫೋಲ್ಡರಿನಲ್ಲಿ ಇಡುವ ಹೆಜ್ಜೆ ಬೇರೆಯೇ ಇದೆ. ಆ ಹೆಜ್ಜೆಯನ್ನು ಬಿಟ್ಟರೆ, ಅಥವಾ ಅದು ತಯಾರಿಸಿದ ಫೋಲ್ಡರನ್ನು ಕಸ್ಟಮ್ ಸೀನರಿಗೆ ತಂದಿಡದಿದ್ದರೆ, ಚೆಂದದ ಫೋಟೊ ನೆಲವಿದ್ದು ಅದರ ಮೇಲೆ ಏನೂ ಇರುವುದಿಲ್ಲ.

ಇನ್ನು ಕಡತದ ಒಳಗೆ ನೋಡೋಣ. ಸರಿಯಾದ ಡಿಎಸ್‌ಎಫ್ ಕಡತ ಎಂಟು ಅಕ್ಷರಗಳ ಗುರುತಿನಿಂದ ಆರಂಭವಾಗಿ ಕಡತ ಕೆಟ್ಟಿಲ್ಲವೆಂದು ತಾಳೆ ನೋಡುವ ಎಂಡಿ5 ತಾಳೆಸಂಖ್ಯೆಯಿಂದ ಮುಗಿಯುತ್ತದೆ. ಆ ಗುರುತಿನ ಬದಲು 7-ಜಿಪ್‌ನ ಗುರುತು ಕಂಡರೆ ಕಡತ ಕುಗ್ಗಿಸಿದ ಸ್ಥಿತಿಯಲ್ಲಿದೆ; ಹಳೆಯ ಪರಿವರ್ತಕಗಳು ಅದನ್ನು ಓದಲಾರವು, ಮೊದಲು ಬಿಡಿಸಿಕೊಳ್ಳಬೇಕು. ಬೈನರಿ ಎಡಿಟರಿನಲ್ಲಿ ಕೈಯಾರೆ ತಿದ್ದಿದರೆ ತಾಳೆಸಂಖ್ಯೆ ಕೆಡುತ್ತದೆ. ಆದ್ದರಿಂದ ಯಾವ ತಿದ್ದುಪಡಿಯನ್ನಾದರೂ ಡಿಎಸ್‌ಎಫ್-ಟು-ಟೆಕ್ಸ್ಟ್ ಉಪಕರಣದಿಂದ ಪಠ್ಯವಾಗಿಸಿಕೊಂಡು ಮಾಡಿ, ಮರಳಿ ಬೈನರಿ ಮಾಡುವುದೇ ಸರಿ. ಆ ಪಠ್ಯದಲ್ಲಿ ಓವರ್‌ಲೇ ಎಂಬ ಗುಣದ ಮೌಲ್ಯ 1 ಇದೆಯೇ ನೋಡಿ. ಅದು ಇಲ್ಲದಿದ್ದರೆ ಸಿಮ್ಯುಲೇಟರ್ ನಿಮ್ಮ ರಸ್ತೆ ಕಡತವನ್ನೇ ಮೂಲ ಮೆಶ್ ಎಂದು ತಿಳಿಯುತ್ತದೆ. ಅದರಲ್ಲಿ ನೆಲವಿಲ್ಲದ ಕಾರಣ ಟೈಲಿನ ನೆಲವೇ ಮಾಯವಾಗುತ್ತದೆ.

ರಸ್ತೆಗಳು ಒಂದು ಆಯತದೊಳಗೆ ಮಾತ್ರ ಕಾಣದಿದ್ದರೆ, ಮೇಲಿನ ಆದ್ಯತೆಯ ಯಾವುದೋ ಪ್ಯಾಕ್ ರಸ್ತೆಜಾಲವನ್ನು ಹೊರಗಿಡುವ ಗುಣವನ್ನು ಬಳಸಿದೆ. ವಿಮಾನ ನಿಲ್ದಾಣದ ಪ್ಯಾಕ್‌ಗಳಲ್ಲಿ ಇದು ಸಾಮಾನ್ಯ: ರನ್‌ವೇ ಮೇಲಿನ ಹಳೆಯ ರಸ್ತೆಯನ್ನು ಅಳಿಸಲೆಂದು ಎಳೆದ ಆಯತ ಪಕ್ಕದ ಊರನ್ನೂ ನುಂಗಿರುತ್ತದೆ. ಆಯತವನ್ನು ಚಿಕ್ಕದು ಮಾಡಿ, ಅಥವಾ ಒಂದು ದೊಡ್ಡ ಆಯತದ ಬದಲು ಹಲವು ಚಿಕ್ಕ ಆಯತಗಳನ್ನು ಇಡಿ. ಇದರ ತಿರುವುಮುರುವಾದ ದೋಷವೂ ಉಂಟು. ನಿಮ್ಮ ಪ್ಯಾಕಿನಲ್ಲಿ ಹೊರಗಿಡುವ ಆಯತವೇ ಇಲ್ಲದಿದ್ದರೆ ಹಳೆಯ ರಸ್ತೆ ಮತ್ತು ಹೊಸ ರಸ್ತೆ ಜೋಡಿಯಾಗಿ, ಕೆಲವು ಮೀಟರ್ ಅಂತರದಲ್ಲಿ ಕಾಣುತ್ತವೆ.

ರಸ್ತೆ ಪಕ್ಕಕ್ಕೆ ಸರಿದಿದೆ

ಸಾವಿರಾರು ಕಿಲೋಮೀಟರ್ ಸರಿದಿದ್ದರೆ ಅಕ್ಷಾಂಶ, ರೇಖಾಂಶಗಳು ಅದಲುಬದಲಾಗಿವೆ. ಜಿಯೋಜೇಸನ್ ಎಂಬ ದತ್ತಾಂಶ ರೂಪದಲ್ಲಿ ರೇಖಾಂಶ ಮೊದಲು ಬರುತ್ತದೆ. ಬೇರೆ ಎಷ್ಟೋ ಕಡೆ ಅಕ್ಷಾಂಶ ಮೊದಲು. ರೇಖಾಂಶ 90 ಡಿಗ್ರಿಗಿಂತ ಹೆಚ್ಚಿದ್ದರೆ ಪರಿವರ್ತಕವೇ ತಪ್ಪು ತೋರಿಸುತ್ತದೆ; ಕಡಿಮೆಯಿದ್ದರೆ ಸದ್ದಿಲ್ಲದೆ ಬೇರೊಂದು ಟೈಲಿಗೆ ಬರೆದುಬಿಡುತ್ತದೆ. ನಿರ್ದೇಶಾಂಕಗಳು ಲಕ್ಷ, ಕೋಟಿಗಳಲ್ಲಿದ್ದರೆ ಅವು ಡಿಗ್ರಿಗಳಲ್ಲ, ಜಾಲತಾಣದ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಪ್ರಕ್ಷೇಪದ ಮೀಟರ್‌ಗಳು. ಮೊದಲು ಅವನ್ನು ಜಿಪಿಎಸ್ ಬಳಸುವ ಅಕ್ಷಾಂಶ, ರೇಖಾಂಶ ಪದ್ಧತಿಯಾದ ಡಬ್ಲ್ಯೂಜಿಎಸ್84ಕ್ಕೆ ಬದಲಿಸಬೇಕು. ಹೀಗೆ ಬದಲಿಸುವಾಗ ಗೋಲಾಕಾರದ ಮರ್ಕೇಟರ್ ಸೂತ್ರದ ಜಾಗದಲ್ಲಿ ದೀರ್ಘವೃತ್ತಾಭದ ಸೂತ್ರವನ್ನು ಹಾಕಿದರೆ ಪೂರ್ವ-ಪಶ್ಚಿಮ ಸ್ಥಾನ ಸರಿಯಾಗಿಯೇ ಉಳಿದು, ಉತ್ತರ-ದಕ್ಷಿಣವಾಗಿ ಮಾತ್ರ ಸುಮಾರು 20 ಕಿ.ಮೀ.ವರೆಗೆ ತಪ್ಪುತ್ತದೆ. ಸಮಭಾಜಕದ ಮೇಲೆ ಈ ತಪ್ಪು ಸೊನ್ನೆಯಾಗಿರುವುದರಿಂದ ಅಲ್ಲಿಗೆ ಹತ್ತಿರದಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಚೀನಾದ ಪ್ರದೇಶದಲ್ಲಿ ರಸ್ತೆಗಳು ನೂರಾರು ಮೀಟರ್ ಸರಿದಿದ್ದರೆ, ಅಲ್ಲಿನ ನಕ್ಷೆಗಳು ಬಳಸುವ, ಸ್ಥಾನವನ್ನು ಬೇಕೆಂದೇ ಸರಿಸುವ ಜಿಸಿಜೆ-02 ಪದ್ಧತಿಯನ್ನು ನೆನಪಿಸಿಕೊಳ್ಳಬೇಕು. ಆ ಸರಿತ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ಒಂದೇ ಸಂಖ್ಯೆಯನ್ನು ಕೂಡಿಸಿ ಕಳೆದು ಸರಿಪಡಿಸಲಾಗದು.

ರಸ್ತೆ ಸ್ಥಾನದಲ್ಲಿದ್ದರೂ ಮೆಟ್ಟಿಲಿನಂತೆ ಅಂಕುಡೊಂಕಾಗಿದ್ದರೆ ದೋಷ ಸಂಖ್ಯೆಗಳ ನಿಖರತೆಯದು. ಓಪನ್‌ಸ್ಟ್ರೀಟ್‌ಮ್ಯಾಪ್ ನಿರ್ದೇಶಾಂಕಗಳನ್ನು 7 ದಶಮಾಂಶ ಸ್ಥಾನಗಳವರೆಗೆ, ಅಂದರೆ ಸುಮಾರು 1 ಸೆಂ.ಮೀ. ನಿಖರತೆಯಲ್ಲಿ ಇಟ್ಟಿರುತ್ತದೆ. ನಡುವೆ ಎಲ್ಲೋ 4 ಸ್ಥಾನಗಳಿಗೆ ಇಳಿಸಿದರೆ ಹೆಜ್ಜೆ 11 ಮೀಟರ್ ಆಗುತ್ತದೆ. ಇದಕ್ಕಿಂತ ಮರೆಯಾದದ್ದು 32 ಬಿಟ್ ತೇಲುಬಿಂದು ಸಂಖ್ಯೆಯ ತೊಂದರೆ: 64ರಿಂದ 128 ಡಿಗ್ರಿವರೆಗಿನ ರೇಖಾಂಶಗಳಲ್ಲಿ ಅದರ ಅತಿ ಚಿಕ್ಕ ಹೆಜ್ಜೆ ಸಮಭಾಜಕದಲ್ಲಿ ಸುಮಾರು 0.85 ಮೀಟರ್, ಭೂಕೇಂದ್ರದಿಂದ ಅಳೆದ ಮೀಟರ್‌ಗಳಲ್ಲಿ ಬರೆದರೆ ಅರ್ಧ ಮೀಟರ್. ಡಿಎಸ್‌ಎಫ್‌ನಲ್ಲಿ 1 ಡಿಗ್ರಿಯ ಹರವನ್ನು 16 ಬಿಟ್‌ಗಳಲ್ಲಿ ಹಂಚಿದರೆ ಹೆಜ್ಜೆ ಸುಮಾರು 1.7 ಮೀಟರ್. ಹೆದ್ದಾರಿಗೆ ಇದು ನಡೆಯುತ್ತದೆ, ವೃತ್ತಗಳಿಗೂ ಜೋಡಿರಸ್ತೆಗಳಿಗೂ ನಡೆಯುವುದಿಲ್ಲ. ಹೆಜ್ಜೆಯ ಉದ್ದವನ್ನು ಅಳೆದರೆ ಸಾಕು, ನಿಖರತೆ ಎಲ್ಲಿ ಸೋರಿತು ಎಂಬುದು ಆ ಸಂಖ್ಯೆಯಿಂದಲೇ ತಿಳಿಯುತ್ತದೆ.

ರಸ್ತೆಯೂ ಫೋಟೊ ನೆಲವೂ ಬಯಲಿನಲ್ಲಿ ಹೊಂದಿಕೊಂಡು ಗುಡ್ಡಗಳಲ್ಲಿ ಮಾತ್ರ ತಪ್ಪುತ್ತಿದ್ದರೆ ತಪ್ಪಿತಸ್ಥ ಹೆಚ್ಚಾಗಿ ಫೋಟೊ. ಉಪಗ್ರಹ 25 ಡಿಗ್ರಿ ಓರೆಯಾಗಿ ಚಿತ್ರ ತೆಗೆದಿದ್ದು, ಅದನ್ನು ನೆಲಕ್ಕೆ ಹೊಂದಿಸುವಾಗ ಬಳಸಿದ ಎತ್ತರ 20 ಮೀಟರ್ ತಪ್ಪಿದ್ದರೆ, ಚಿತ್ರ 9 ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಇಂಥ ಕಡೆ ಚಿತ್ರಕ್ಕೆ ತಕ್ಕಂತೆ ರಸ್ತೆಯನ್ನು ಎಳೆದಾಡುವುದನ್ನು ನಾನು ಒಪ್ಪುವುದಿಲ್ಲ. ಇನ್ನೊಂದು ಮೂಲದ ಚಿತ್ರವನ್ನೋ ಜಿಪಿಎಸ್ ಜಾಡುಗಳನ್ನೋ ಹೋಲಿಸಿ, ವ್ಯತ್ಯಾಸ ಮೂರು, ನಾಲ್ಕು ಮೀಟರಿಗಿಂತ ಕಡಿಮೆಯಿದ್ದರೆ ಹಾಗೆಯೇ ಬಿಡುವುದು ಮೇಲು.

ತೇಲುವ, ಹೂತುಹೋಗುವ, ಮಿನುಗುವ ರಸ್ತೆಗಳು

ಎತ್ತರದ ದೋಷಗಳಲ್ಲಿ ಎಕ್ಸ್‌ಪ್ಲೇನ್ ಮತ್ತು ಫ್ಲೈಟ್‌ಗಿಯರ್ ಬೇರೆಯಾಗುತ್ತವೆ. ಎಕ್ಸ್‌ಪ್ಲೇನ್‌ನ ಈಗಿನ ರಸ್ತೆಗಳು ನೆಲದ ಮೇಲೆ ಬಟ್ಟೆಯಂತೆ ಹಾಸಿಕೊಳ್ಳುತ್ತವೆ; ಲೋಡ್ ಆಗುವಾಗ ಯಾವ ಮೆಶ್ ಇದೆಯೋ ಅದನ್ನೇ ಅನುಸರಿಸುತ್ತವೆ. ಫ್ಲೈಟ್‌ಗಿಯರಿಗಾಗಿ ಓಎಸ್‌ಎಂ-ಟು-ಸಿಟಿ ಎಂಬ ಉಪಕರಣ ತಯಾರಿಸುವ ರಸ್ತೆಗಳು ಹಾಗಲ್ಲ. ತಯಾರಿಸುವ ಹೊತ್ತಿನಲ್ಲಿ ಇದ್ದ ನೆಲದ ಎತ್ತರವನ್ನು ಕೇಳಿ ತಿಳಿದು, ಅದನ್ನು ಆಕೃತಿಯಲ್ಲಿಯೇ ಅಚ್ಚು ಹಾಕಲಾಗುತ್ತದೆ. ಆಮೇಲೆ ನೀವು ಬೇರೆ ನೆಲವನ್ನು ಹಾಕಿಕೊಂಡರೆ ಕೆಲವು ರಸ್ತೆಗಳು ತೇಲುತ್ತವೆ, ಕೆಲವು ಹೂತುಹೋಗುತ್ತವೆ. ಇದರ ಲಕ್ಷಣ ಸ್ಪಷ್ಟ: ಬಯಲಿನಲ್ಲಿ ತಪ್ಪು ಕಡಿಮೆ, ಬೆಟ್ಟದಲ್ಲಿ ಹೆಚ್ಚು, ದಿಕ್ಕು ಎರಡೂ ಕಡೆ. ಹಾರುವಾಗ ಬಳಸುವ ನೆಲವನ್ನೇ ಇಟ್ಟುಕೊಂಡು ರಸ್ತೆಗಳನ್ನು ಮತ್ತೆ ತಯಾರಿಸುವುದಲ್ಲದೆ ಇದಕ್ಕೆ ಬೇರೆ ಮದ್ದಿಲ್ಲ.

ತಪ್ಪು ಎಲ್ಲ ಕಡೆಯೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದರೆ ಎತ್ತರದ ಆಧಾರತಲ ಬೇರೆಯಾಗಿದೆ. ಜಿಪಿಎಸ್ ಕೊಡುವ ಮೂಲ ಎತ್ತರ ಡಬ್ಲ್ಯೂಜಿಎಸ್84 ದೀರ್ಘವೃತ್ತಾಭದಿಂದ ಅಳೆದದ್ದು. ಸಿಮ್ಯುಲೇಟರಿನ ನೆಲ ಸರಾಸರಿ ಸಮುದ್ರಮಟ್ಟದಿಂದ ಅಳೆದದ್ದು. ಈ ಎರಡರ ನಡುವಿನ ಅಂತರ ಭೂಮಿಯ ಮೇಲೆ ಸುಮಾರು -106 ಮೀಟರ್‌ನಿಂದ +85 ಮೀಟರ್‌ವರೆಗೆ ಬದಲಾಗುತ್ತದೆ, ಆದರೆ ಒಂದು ಟೈಲಿನೊಳಗೆ ನಿಧಾನವಾಗಿ ಬದಲಾಗುವುದರಿಂದ ಸ್ಥಿರವಾದಂತೆ ತೋರುತ್ತದೆ. ನೀವು ಅಳೆದ ತಪ್ಪು, ಈ ಅಂತರವನ್ನು ಕೊಡುವ ಇಜಿಎಂ96 ಮಾದರಿಯಲ್ಲಿನ ಆ ಜಾಗದ ಮೌಲ್ಯಕ್ಕೆ ಹೊಂದಿದರೆ ಸಂಶಯವೇ ಬೇಡ.

ಉದ್ದನೆಯ ನೇರ ರಸ್ತೆ ಎರಡು ತುದಿಗಳಲ್ಲಿ ಸರಿಯಾಗಿದ್ದು ನಡುವೆ ಮಾತ್ರ ಮುಳುಗಿದ್ದರೆ ಬಿಂದುಗಳು ಸಾಲದೆ ಹೋಗಿವೆ. ನಕ್ಷೆ ಬಿಡಿಸಿದವರಿಗೆ ನೇರ ರಸ್ತೆಗೆ ಎರಡೇ ನೋಡ್‌ಗಳು (ನಕ್ಷೆಯ ಬಿಂದುಗಳು) ಸಾಕು. ಮೂರು ಆಯಾಮದಲ್ಲಿ ಅದು ಭೂಮಿಯನ್ನು ಕೊರೆಯುವ ಸರಳರೇಖೆ. ನೆಲ ಪೂರ್ತಿ ಸಮತಟ್ಟಾಗಿದ್ದರೂ ಭೂಮಿಯ ಬಾಗಿನಿಂದಾಗಿಯೇ 5 ಕಿ.ಮೀ. ಉದ್ದದ ತುಂಡಿನ ಮಧ್ಯಭಾಗ ಅರ್ಧ ಮೀಟರ್, 10 ಕಿ.ಮೀ. ತುಂಡಿನ ಮಧ್ಯಭಾಗ ಸುಮಾರು 2 ಮೀಟರ್ ಒಳಗಿರುತ್ತದೆ. ಏರುತಗ್ಗು ಇದ್ದಲ್ಲಿ ಇನ್ನೂ ಹೆಚ್ಚು. ಮೆಶ್‌ನ ತ್ರಿಕೋನಗಳ ಗಾತ್ರಕ್ಕೆ ತಕ್ಕಂತೆ, ಸಾಮಾನ್ಯವಾಗಿ 50ರಿಂದ 100 ಮೀಟರಿಗೆ ಒಂದರಂತೆ ನಡುಬಿಂದುಗಳನ್ನು ತುಂಬಿದರೆ ಇದು ಸರಿಹೋಗುತ್ತದೆ.

ಹಾಸಿಕೊಂಡ ರಸ್ತೆಗಳಿಗೂ ಅವುಗಳದೇ ಕಾಯಿಲೆಯಿದೆ: ಬೆಟ್ಟದ ಪಕ್ಕದಲ್ಲಿ ಸಾಗುವ ರಸ್ತೆ ಇಳಿಜಾರಿಗೆ ಅಂಟಿಕೊಂಡು ಅಡ್ಡಲಾಗಿ ಓರೆಯಾಗುತ್ತದೆ, ವಾಹನಗಳು ಉರುಳಿಬೀಳುವಂತೆ ಕಾಣುತ್ತವೆ. ಇದು ಪರಿವರ್ತಕದ ತಪ್ಪಲ್ಲ. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆ ಎಂಡೆವರ್ ನಡೆಸಿದ, ನೆಲದ ಎತ್ತರಗಳ ಎಸ್‌ಆರ್‌ಟಿಎಂ ಅಳತೆಯ ಜಾಲ 1 ಆರ್ಕ್ ಸೆಕೆಂಡ್, ಅಂದರೆ ಸುಮಾರು 30 ಮೀಟರಿನದು. 7 ಮೀಟರ್ ಅಗಲದ ರಸ್ತೆಗಾಗಿ ಗುಡ್ಡವನ್ನು ಕಡಿದ ತಟ್ಟು ಅದರಲ್ಲಿ ಮೂಡುವುದಿಲ್ಲ. ಅದು ಮರಗಳ ನೆತ್ತಿಯನ್ನೂ ಕಟ್ಟಡಗಳ ಮಾಳಿಗೆಯನ್ನೂ ಬಹುಮಟ್ಟಿಗೆ ನೆಲವೆಂದೇ ಎಣಿಸಿರುವುದರಿಂದ ಕಾಡಿನ ಅಂಚಿನಲ್ಲಿ ರಸ್ತೆ ಇದ್ದಕ್ಕಿದ್ದಂತೆ ದಿಬ್ಬ ಹತ್ತುವುದುಂಟು. ಪರಿಹಾರ ಮೆಶ್‌ನಲ್ಲಿದೆ: ರಸ್ತೆಯ ಅಗಲದಷ್ಟು ನೆಲವನ್ನು ಮಟ್ಟಮಾಡುವ ಆಯ್ಕೆಯನ್ನು ಬಳಸಿ ಮೆಶ್ಶನ್ನೇ ಮರುತಯಾರಿಸಬೇಕು.

ಸೇತುವೆ ಕಣಿವೆಯೊಳಕ್ಕೆ ಇಳಿದು ಮತ್ತೆ ಹತ್ತುತ್ತಿದ್ದರೆ ಅದರ ನೋಡ್‌ಗಳಿಗೆ ಮೇಲಿನ ಮಟ್ಟವನ್ನು ಕೊಟ್ಟಿಲ್ಲ ಎಂದು ತಿಳಿಯಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಲೇಯರ್ ಟ್ಯಾಗ್ ಯಾವುದು ಯಾವುದರ ಮೇಲೆ ಎಂಬ ಕ್ರಮವನ್ನು ಮಾತ್ರ ಹೇಳುತ್ತದೆ. ಅದನ್ನು ಮೀಟರ್ ಎಂದು ಓದುವ ಪರಿವರ್ತಕ 1 ಮೀಟರ್ ಎತ್ತರದ ಮೇಲ್ಸೇತುವೆಯನ್ನು ಕಟ್ಟಿಬಿಡುತ್ತದೆ.

ಮಿನುಗುವುದು ಬೇರೆಯೇ ದೋಷ. ಹತ್ತಿರದಿಂದ ಸರಿಯಾಗಿದ್ದ ರಸ್ತೆ ದೂರದಿಂದ ನೆಲದೊಂದಿಗೆ ಬೆರೆತು ಚೂರುಚೂರಾಗಿ ಮಿನುಗಿದರೆ ಆಳದ ಬಫರಿನ (ಯಾವುದು ಮುಂದೆ, ಯಾವುದು ಹಿಂದೆ ಎಂಬ ಲೆಕ್ಕ ಇಡುವ ಸ್ಮೃತಿ) ನಿಖರತೆ ಮುಗಿದಿದೆ. ಸಾಂಪ್ರದಾಯಿಕ 24 ಬಿಟ್ ಬಫರಿನಲ್ಲಿ ಹತ್ತಿರದ ಮಿತಿ 1 ಮೀಟರ್ ಇದ್ದರೆ, 1 ಕಿ.ಮೀ. ದೂರದಲ್ಲಿ ಗುರುತಿಸಬಹುದಾದ ಅಂತರ ಸುಮಾರು 6 ಸೆಂ.ಮೀ.; 10 ಕಿ.ಮೀ. ದೂರದಲ್ಲಿ ಅದು ಸುಮಾರು 6 ಮೀಟರ್. ನೆಲದಿಂದ 10 ಸೆಂ.ಮೀ. ಮೇಲೆತ್ತಿದ ರಸ್ತೆ ಅಷ್ಟು ದೂರದಿಂದ ನಿಲ್ಲಲಾರದು. ರಸ್ತೆಯನ್ನು ಇನ್ನಷ್ಟು ಎತ್ತುವುದು ಪರಿಹಾರವಲ್ಲ, ಆಗ ನಿಲ್ದಾಣದ ಬಳಿ ಅದು ತೇಲುವುದು ಕಾಣುತ್ತದೆ. ತೆರೆಯ ಮೇಲೆ ಚಿತ್ರ ಬಿಡಿಸುವ ಹೊತ್ತಿನಲ್ಲಿ ಆಳಕ್ಕೆ ಕೊಡುವ ಸರಿತವನ್ನು, ಅಥವಾ ಸಿಮ್ಯುಲೇಟರಿನ ಪದರ ಕ್ರಮವನ್ನು ಬಳಸಬೇಕು.

ಕೂಡುರಸ್ತೆಗಳು ಮತ್ತು ವಾಹನಗಳು

ಎರಡು ರಸ್ತೆಗಳು ಒಂದರ ಮೇಲೊಂದು ಹಾದರೂ ಕೂಡಿಕೊಳ್ಳದಿದ್ದರೆ ಅವು ಒಂದೇ ನೋಡ್ ಸಂಖ್ಯೆಯನ್ನು ಹಂಚಿಕೊಂಡಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ರಸ್ತೆಯ ನಡುವಿನ ನೋಡ್ ಇನ್ನೊಂದರ ತುದಿಯಾಗಿರಬಹುದು. ಡಿಎಸ್‌ಎಫ್‌ನಲ್ಲಿ ಕೂಡುವ ಪ್ರತಿ ಬಿಂದುವೂ ತುಂಡಿನ ಆರಂಭ ಅಥವಾ ಅಂತ್ಯವಾಗಿರಲೇಬೇಕು. ಆದ್ದರಿಂದ ಒಂದಕ್ಕಿಂತ ಹೆಚ್ಚು ರಸ್ತೆಗಳು ಬಳಸುವ ಪ್ರತಿ ನೋಡ್‌ನಲ್ಲೂ ರಸ್ತೆಯನ್ನು ತುಂಡರಿಸಬೇಕು. ಗೆರೆಗಳು ದಾಟುವ ಎಲ್ಲ ಕಡೆಯೂ ಕೂಡಿಸುವ ಅಡ್ಡದಾರಿ ಹಿಡಿದರೆ ಮೇಲ್ಸೇತುವೆಗಳೆಲ್ಲ ಕೂಡುರಸ್ತೆಗಳಾಗುತ್ತವೆ.

ಬಿಂದುಗಳನ್ನು ಕಡಿಮೆ ಮಾಡುವ ಡಗ್ಲಸ್–ಪಾಯ್ಕರ್ ವಿಧಾನವನ್ನು ತುಂಡರಿಸಿದ ನಂತರವೇ ಬಳಸಬೇಕು. ಮೊದಲೇ ಬಳಸಿದರೆ ಕೂಡುವ ನೋಡ್‌ಗಳೇ ಅಳಿಸಿಹೋಗಬಹುದು. ಆರಂಭ, ಅಂತ್ಯಗಳು ಒಂದೇ ಆಗಿರುವ ವೃತ್ತಾಕಾರದ ರಸ್ತೆ ತ್ರಿಕೋನವಾಗಿಯೋ ಗೆರೆಯಾಗಿಯೋ ಕುಸಿಯಬಹುದು. ಅದರ ಮಿತಿಯನ್ನು ಡಿಗ್ರಿಗಳಲ್ಲಿ ಕೊಡಬೇಕೋ ಮೀಟರ್‌ಗಳಲ್ಲೋ ಎಂಬುದನ್ನೂ ನೋಡಿಕೊಳ್ಳಿ: 0.001 ಡಿಗ್ರಿ ಎಂದರೆ 111 ಮೀಟರ್, ಘಾಟಿಯ ತಿರುವುಗಳೆಲ್ಲ ಅದರಲ್ಲಿ ನೇರವಾಗಿಬಿಡುತ್ತವೆ.

ಏಕಮುಖ ರಸ್ತೆಗಳಲ್ಲಿ ಕೆಲವು ಕಡೆ ಮಾತ್ರ ವಾಹನಗಳು ಎದುರುದಿಕ್ಕಿಗೆ ಓಡುತ್ತಿದ್ದರೆ, ಏಕಮುಖ ಟ್ಯಾಗಿನ ಮೌಲ್ಯ -1 ಇರುವ ರಸ್ತೆಗಳನ್ನು ಪರಿವರ್ತಕ ಗಮನಿಸಿಲ್ಲ. ಅಂಥವುಗಳ ಬಿಂದುಗಳ ಕ್ರಮವನ್ನು ತಿರುಗಿಸಿ ಬರೆಯಬೇಕು. ಹಳ್ಳಿಯ ದಾರಿ ಹೆದ್ದಾರಿಯಂತೆ ಕಂಡರೆ ರಸ್ತೆಯ ಬಗೆಯನ್ನು ಹೇಳುವ ಉಪವಿಧದ ಸಂಖ್ಯೆ ಬೇರೊಂದು ರಸ್ತೆ ವಿವರಣೆ ಕಡತದ್ದಾಗಿರುತ್ತದೆ. ಆ ಸಂಖ್ಯೆಗಳ ಅರ್ಥ ಕಡತದಿಂದ ಕಡತಕ್ಕೆ ಬೇರೆ.

ಫ್ರೇಮ್ ದರ ಕುಸಿದರೆ

ಕಾಲುದಾರಿ, ಮನೆಯಂಗಳದ ದಾರಿ, ಪಾರ್ಕಿಂಗ್ ಓಣಿಗಳನ್ನು ದತ್ತಾಂಶದಿಂದ ಮೊದಲು ತೆಗೆದುಹಾಕಿ ನೋಡಿ. ಗಾಳಿಯಿಂದ ನೋಡುವವರಿಗೆ ಅವು ಕಾಣುವುದೂ ಕಡಿಮೆ. ಆಗಲೂ ಸುಧಾರಿಸದಿದ್ದರೆ ವಾಹನಗಳ ಸಂಖ್ಯೆಯನ್ನು ಸೊನ್ನೆ ಮಾಡಿ ಅಳೆಯಿರಿ; ಹಲವು ಬಾರಿ ಭಾರವಿರುವುದು ರಸ್ತೆಯಲ್ಲಲ್ಲ, ಅದರ ಮೇಲಿನ ಸಂಚಾರದಲ್ಲಿ.

ಸರಿಪಡಿಸಿದ ಪ್ಯಾಕನ್ನು ಇತರರಿಗೆ ಹಂಚುವುದಾದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ 2012ರಿಂದ ಓಡಿಬಿಎಲ್ ಎಂಬ ಮುಕ್ತ ದತ್ತಾಂಶ ಪರವಾನಗಿಯಡಿ ಇದೆ ಎಂಬುದನ್ನು ನೆನಪಿಡಿ; ಮೂಲವನ್ನು ಹೆಸರಿಸುವುದು ಕಡ್ಡಾಯ. ಅದರ ಜೊತೆಗೇ ದತ್ತಾಂಶ ಇಳಿಸಿದ ದಿನಾಂಕ, ಬಳಸಿದ ಮೆಶ್‌ನ ಹೆಸರು ಮತ್ತು ಆವೃತ್ತಿ, ಪರಿವರ್ತಕದ ನಿಯತಾಂಕಗಳನ್ನು ಒಂದು ಪಠ್ಯ ಕಡತದಲ್ಲಿ ಬರೆದಿಡಿ. ರಸ್ತೆ ತೇಲುತ್ತಿದೆ ಎಂದು ಯಾರಾದರೂ ದೂರಿದರೆ ಮೊದಲು ಕೇಳಬೇಕಾದ ಪ್ರಶ್ನೆ ಅವರ ಮೆಶ್ ಯಾವುದು ಎಂಬುದು, ಆ ಉತ್ತರವನ್ನು ಹೋಲಿಸಲು ನಿಮ್ಮದು ಯಾವುದೆಂದು ದಾಖಲಾಗಿರಬೇಕು.